ಗುಂಡಿ ಎಲ್ಲಿರಬೇಕೆಂದು ಸರ್ಕಾರ ಹೇಳಬೇಕೆ?

ಕಡೂರಿನಲ್ಲಿ ಟೈಪಿಂಗ್ ಕಲಿತೆ, ತರೀಕೆರೆಯಲ್ಲಿ ಡಿಟಿಪಿ-ಜೆರಾಕ್ಸ್ ಅಂಗಡಿ ನಡೆಸಿದೆ, ಈಗ ಅಜ್ಜಂಪುರದಲ್ಲಿ ಸೇವಾ ಕೇಂದ್ರ ಇಟ್ಟುಕೊಂಡಿದ್ದೇನೆ. ಪಹಣಿ, ಜಾತಿ-ಆದಾಯ, ವೃದ್ಧಾಪ್ಯ ವೇತನ, ಬೆಳೆ ವಿಮೆ, ಗೃಹಲಕ್ಷ್ಮಿ, ವಿದ್ಯಾರ್ಥಿವೇತನ ಹೀಗೆ ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಸರ್ಕಾರದ ಯಾವುದಾದರೊಂದು ಸ್ಕ್ರೀನು ನನ್ನೆದುರು ತೆರೆದೇ ಇರುತ್ತದೆ. ಬೆಂಗಳೂರಿನಲ್ಲಿ ಆ್ಯಪ್ ಬರೆಯುವ ಕೆಲಸದಲ್ಲಿರುವ ತಂಗಿಯ ಮಗ ಊರಿಗೆ ಬಂದಾಗಲೆಲ್ಲ ಈ ವಿಷಯಕ್ಕೇ ನಮ್ಮಿಬ್ಬರಿಗೂ ಹತ್ತಿಕೊಳ್ಳುತ್ತದೆ. "ದೊಡ್ಡಮ್ಮ, ಬಟನ್ ಎಲ್ಲಿರ್ಬೇಕು ಅಂತ ಸರ್ಕಾರ ಹೇಳೋಕೆ ಶುರು ಮಾಡಿದ್ರೆ ಮುಗೀತು. ಇಪ್ಪತ್ತು ವರ್ಷ ಅದೇ ಹಳೇ ಪುಟ ನೋಡ್ಕೊಂಡು ಕೂರ್ಬೇಕು" ಎನ್ನುವುದು ಅವನ ವಾದ. ಅದರಲ್ಲಿ ಅರ್ಧ ನಿಜವಿದೆ. ಸರ್ಕಾರ ಕೈ ಹಾಕಲೇಬೇಕಾದ ಜಾಗಗಳು ಕೆಲವಿವೆ, ಹಾಕಬಾರದ ಜಾಗಗಳು ಬಹಳ ಇವೆ. ಎರಡರ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂದು ಕೌಂಟರಿನ ಈಚೆ ಕೂತು ನನಗೆ ತಿಳಿದುಬಂದಷ್ಟನ್ನು ಬರೆದಿದ್ದೇನೆ.

1. ರೈತನಿಗೆ ಬಾಯಿಪಾಠವಾಗಿರುವುದನ್ನು ಅಲುಗಾಡಿಸಬೇಡಿ

ಯಗಟಿ ಕಡೆಯ ವಯಸ್ಸಾದ ರೈತರಲ್ಲಿ ಎಷ್ಟೋ ಜನಕ್ಕೆ ಪೇಪರ್ ಓದಲು ಬರುವುದಿಲ್ಲ, ಪಹಣಿ ಓದಲು ಬರುತ್ತದೆ. ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 11ರಲ್ಲಿ ಸಾಲದ ನಮೂದು ಇದೆಯೋ ತೆಗೆದಿದ್ದಾರೋ ಎಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. "ಒಂಬತ್ರಲ್ಲಿ ಇನ್ನೂ ನಮ್ಮಪ್ಪಂದೇ ಐತೆ, ಹನ್ನೊಂದ್ರಲ್ಲಿ ಬ್ಯಾಂಕಿಂದು ತೆಗ್ದಿಲ್ಲ, ನೋಡು ತಾಯಿ" ಎಂದವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ ವರ್ಷಗಟ್ಟಲೆ ನೋಡಿದ ನಮೂನೆ ಅದು. ಭೂಮಿ ಯೋಜನೆ ಬಂದಾಗ ಆ ನಮೂನೆಯನ್ನೇ ಕಂಪ್ಯೂಟರಿಗೆ ಹೊತ್ತು ತಂದರು.

2000ದ ಆಚೀಚೆ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೌಂಟರ್ ತೆರೆದು, 15 ರೂಪಾಯಿಗೆ ಪ್ರಿಂಟ್ ಕೊಡಲು ಶುರು ಮಾಡಿ, ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದರು. ಇಷ್ಟು ದೊಡ್ಡ ಬದಲಾವಣೆಯನ್ನು ಜನ ಒಪ್ಪಿಕೊಂಡದ್ದಕ್ಕೆ ಕೈಗೆ ಬಂದ ಹಾಳೆ ಪರಿಚಿತವಾಗಿದ್ದುದೂ ಒಂದು ಕಾರಣ ಎಂದು ನನ್ನ ನಂಬಿಕೆ. ಇನ್ನೊಂದು ಕಾರಣ ಕೌಂಟರಿನ ವಿನ್ಯಾಸದಲ್ಲೇ ಇತ್ತು. ರೈತನ ಕಡೆಗೆ ಮುಖ ಮಾಡಿದ ಎರಡನೆಯ ಸ್ಕ್ರೀನ್ ಇಡಬೇಕೆಂದು ಯೋಜನೆ ಮಾಡಿದವರು ಮೊದಲೇ ಯೋಚಿಸಿದ್ದರು. ಒಳಗೆ ಕೂತವರು ಏನು ಒತ್ತುತ್ತಾರೋ ಹೊರಗೆ ನಿಂತವರಿಗೆ ಕಾಣಬೇಕು. ಸ್ಕ್ರೀನಿನ ಬಗ್ಗೆ ನಮ್ಮ ಸರ್ಕಾರ ಮಾಡಿದ ತೀರ್ಮಾನಗಳಲ್ಲಿ ಇದಕ್ಕಿಂತ ಜಾಣತನದ್ದು ನನಗೆ ಕಂಡಿಲ್ಲ. ನನ್ನ ಅಂಗಡಿಯಲ್ಲೂ ಹಳೆಯ ಮಾನಿಟರ್ ಒಂದನ್ನು ಜನರ ಕಡೆ ತಿರುಗಿಸಿಟ್ಟಿದ್ದೇನೆ. ಹೆಸರಿನ ಸ್ಪೆಲ್ಲಿಂಗ್ ತಪ್ಪಿದ್ದರೆ ಸಬ್‌ಮಿಟ್ ಒತ್ತುವ ಮೊದಲೇ ಕಾಲೇಜು ಓದುವ ಮಗಳೋ ಮೊಮ್ಮಗಳೋ ಕೂಗಿ ಹೇಳುತ್ತಾರೆ.

2. ಬೆರಳು ಕಲಿಯುವುದನ್ನು ನಿಗದಿ ಮಾಡಿ

ನಾನು ಜೂನಿಯರ್, ಸೀನಿಯರ್ ಪಾಸು ಮಾಡಿದ್ದು ಟೈಪ್‌ರೈಟರ್ ಮೇಲೆ. ಡಿಟಿಪಿಗೆ ಬಂದಾಗ ಒಂದೊಂದು ಕನ್ನಡ ಸಾಫ್ಟ್‌ವೇರಿಗೆ ಒಂದೊಂದು ಕೀಲಿಮಣೆ. ಒಂದರಲ್ಲಿ ಟೈಪ್‌ರೈಟರ್ ವಿನ್ಯಾಸ, ಇನ್ನೊಂದರಲ್ಲಿ ಇಂಗ್ಲಿಷ್ ಉಚ್ಚಾರಣೆ ಹಿಡಿದು ಹೋಗುವುದು, ಮತ್ತೊಂದರಲ್ಲಿ ಇನ್‌ಸ್ಕ್ರಿಪ್ಟ್. ತರೀಕೆರೆಯ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವ ಹುಡುಗ ಕೆಲಸ ಬಿಟ್ಟರೆ ಅವನ ಜೊತೆ ಅವನ ಕೀಲಿಮಣೆಯೂ ಹೋಗುತ್ತಿತ್ತು. ಹೊಸಬನಿಗೆ ಬೇರೆ ಸಾಫ್ಟ್‌ವೇರ್ ತರಬೇಕು, ಹಳೆಯ ಫೈಲು ಅದರಲ್ಲಿ ತೆರೆಯುವುದಿಲ್ಲ.

ಇದಕ್ಕೆ ತೆರೆ ಎಳೆದದ್ದು ರಾಜ್ಯ ಸರ್ಕಾರ ಒಪ್ಪಿಕೊಂಡ ವಿನ್ಯಾಸ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್, ರೂಪಿಸಿದ್ದನ್ನು ಸ್ವಲ್ಪ ತಿದ್ದಿ ಅಧಿಕೃತ ಮಾಡಿದರು. ಕನ್ನಡ ಗಣಕ ಪರಿಷತ್ತಿನ ನುಡಿ ಅದನ್ನು ಪುಕ್ಕಟೆಯಾಗಿ ಊರೂರಿಗೆ ಮುಟ್ಟಿಸಿತು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಕೂತಿದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದರೆ ಖ. ಎನ್ ಒತ್ತಿದರೆ ನ, ಶಿಫ್ಟ್ ಹಿಡಿದರೆ ಣ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಟ, ಡ ಮಾತ್ರ ಎಲ್ಲೋ ಮೂಲೆಯಲ್ಲಿ ಕ್ಯೂ, ಡಬ್ಲ್ಯೂಗಳಲ್ಲಿವೆ. ಅವೆರಡನ್ನು ನೆನಪಿಟ್ಟುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. ಕಡೂರು ಎಂದು ಬರೆಯಲು ಕೆ, ಡಬ್ಲ್ಯೂ, ಶಿಫ್ಟ್ ಹಿಡಿದು ಯು, ಆರ್, ಯು. ಐದು ಒತ್ತಿಗೆ ಊರು ಮುಗಿಯಿತು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಬರೆಸುವುದು ಅಜ್ಜಂಪುರ. ಒತ್ತಕ್ಷರ, ಸೊನ್ನೆ, ಕೊಂಬು ಮೂರೂ ಅದರೊಳಗಿವೆ.

ಕೇಂದ್ರದ್ದು ಬೇರೆ ಇದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು 1986ರಲ್ಲಿ ಆಗಿನ ಎಲೆಕ್ಟ್ರಾನಿಕ್ಸ್ ಇಲಾಖೆ ಮಾಡಿಸಿತು, 1991ರಲ್ಲಿ ಅದು ಭಾರತೀಯ ಮಾನಕವೂ ಆಯಿತು. ಬಹುಪಾಲು ಭಾರತೀಯ ಲಿಪಿಗಳಿಗೆ ಒಂದೇ ವಿನ್ಯಾಸ ಎನ್ನುವುದು ಅದರ ಹೆಚ್ಚುಗಾರಿಕೆ. ಒಬ್ಬನೇ ಮನುಷ್ಯ ಕನ್ನಡ, ತೆಲುಗು, ಹಿಂದಿ ಮೂರನ್ನೂ ಟೈಪ್ ಮಾಡುವುದಿದ್ದರೆ ಅನುಕೂಲವೇ. ಬೀರೂರಿನಲ್ಲೋ ಲಿಂಗದಹಳ್ಳಿಯಲ್ಲೋ ಅಂಥವರು ಎಷ್ಟು ಮಂದಿ ಸಿಕ್ಕಾರು? ಇಂಗ್ಲಿಷ್ ಅಕ್ಷರಗಳ ಜಾಗ ಆಗಲೇ ಗೊತ್ತಿದ್ದ ಕೈಗೆ ರಾವ್ ಅವರದು ಸುಲಭವಾಗಿ ಹತ್ತಿತು. ಆದೇಶ ಎರಡಕ್ಕೂ ಇತ್ತು, ನಮ್ಮ ಕಡೆ ನಿಂತದ್ದು ಒಂದೇ.

ಈಗ ನನ್ನ ಬಳಿ ಕೆಲಸಕ್ಕೆ ಬರುವ ಹುಡುಗಿಯರಿಗೆ ಇವೆರಡೂ ಗೊತ್ತಿರುವುದಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುತ್ತಾರೆ, ಇಲ್ಲವೇ ಮೈಕ್ ಒತ್ತಿ ಮಾತಾಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.

3. ಅದೇ ಕಾಲದ ಇನ್ನೊಂದು ನಿಯಮ ಕೊಳೆತುಹೋಯಿತು

ಕೀಲಿಮಣೆಯನ್ನು ನಿಗದಿ ಮಾಡಿದ ಕಾಲದಲ್ಲೇ ಫಾಂಟಿನೊಳಗೆ ಯಾವ ಅಕ್ಷರದ ಚೂರು ಯಾವ ಸಂಖ್ಯೆಯಲ್ಲಿ ಕೂರಬೇಕು ಎನ್ನುವುದಕ್ಕೂ ಮಾನಕ ಬಂತು. ಆಗ ಬೇರೆ ದಾರಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಬೇಕಿತ್ತು. ಬೇರೆ ಬೇರೆ ಕಂಪನಿಯ ಫಾಂಟುಗಳ ನಡುವೆ ಕಡತ ಓಡಾಡಲಿ ಎಂಬುದು ಉದ್ದೇಶ, ಒಳ್ಳೆಯ ಉದ್ದೇಶವೇ. ಆದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಮನೆ ಕೊಡುವ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಅದನ್ನು ತೋರಿಸುವಷ್ಟು ತಯಾರಾಗಿತ್ತು. ಆಮೇಲೂ ಕಚೇರಿಗಳು ವರ್ಷಗಟ್ಟಲೆ ಹಳೆಯ ಫಾಂಟಿನಲ್ಲೇ ಸುತ್ತೋಲೆ ಹೊರಡಿಸುತ್ತ ಹೋದವು, ಯಾಕೆಂದರೆ ಅದು ಅಧಿಕೃತ. ಯುನಿಕೋಡ್ ಕಡ್ಡಾಯ ಎಂಬ ಆದೇಶ ಬರುವ ಹೊತ್ತಿಗೆ ಕಡತಗಳ ರಾಶಿ ಬೆಳೆದುಬಿಟ್ಟಿತ್ತು.

ಈಗ ಹಾಲಿನ ಸೊಸೈಟಿಯವರೋ ದೇವಸ್ಥಾನದ ಟ್ರಸ್ಟಿನವರೋ ಪೆನ್‌ಡ್ರೈವ್ ತಂದು ಹಳೆಯ ಬೈಲಾ ತೆಗೆದುಕೊಡಿ ಎನ್ನುತ್ತಾರೆ. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳ ಚಿತ್ರಾನ್ನ. ಪರಿವರ್ತಕಗಳಿವೆ, ಬಹುಪಾಲು ಸರಿಯಾಗುತ್ತದೆ, ಅರ್ಕಾವೊತ್ತು ಬಂದ ಕಡೆ ಕಣ್ಣಿಟ್ಟು ತಿದ್ದಬೇಕು. "ನೋಡಿದ್ಯಾ, ನಾನ್ ಹೇಳಿದ್ದು ಇದೇ ಅಲ್ವಾ?" ಎಂದು ತಂಗಿಯ ಮಗ ಇಲ್ಲಿ ಗೆದ್ದವನಂತೆ ನೋಡುತ್ತಾನೆ. ಗೆದ್ದದ್ದು ಅರ್ಧ ಮಾತ್ರ. ಮನುಷ್ಯನ ಬೆರಳಿಗೆ ಕೊಟ್ಟ ನಿಯಮ ಯಂತ್ರ ಬದಲಾದರೂ ಬಾಳಿತು. ಯಂತ್ರದ ಹೊಟ್ಟೆಯೊಳಗಿನದಕ್ಕೆ ಕೊಟ್ಟ ನಿಯಮ ಆ ಯಂತ್ರದ ಜೊತೆಗೇ ಮುದಿಯಾಯಿತು. ಇಂಥ ಆದೇಶಗಳಲ್ಲಿ ಮರುಪರಿಶೀಲನೆಯ ವರ್ಷವನ್ನೂ ಅಚ್ಚು ಹಾಕಿರಬೇಕು.

4. ಬಣ್ಣ ಯಾವುದಾದರೂ ಇರಲಿ, ಗುಂಟೆಗೆ ಬೇರೆ ಚೌಕ ಕೊಡಿ

ಒಂದು ಯೋಜನೆಯ ಪೋರ್ಟಲಿನಲ್ಲಿ ಜಮೀನಿನ ವಿಸ್ತೀರ್ಣಕ್ಕೆ ಒಂದೇ ಚೌಕವಿತ್ತು. ಪಕ್ಕದಲ್ಲಿ "ಎಕರೆ" ಎಂದು ಬರೆದಿತ್ತು. ಶಿವನಿ ಕಡೆಯ ಈರುಳ್ಳಿ ಬೆಳೆಗಾರರೊಬ್ಬರ ಪಹಣಿಯಲ್ಲಿ 2.20 ಎಂದಿತ್ತು. ನಮ್ಮಲ್ಲಿ ಹುಟ್ಟಿದ ಯಾರಿಗಾದರೂ ಇದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ 40 ಗುಂಟೆ. ಆ ಚೌಕಕ್ಕೆ ಮಾತ್ರ ಚುಕ್ಕೆಯೆಂದರೆ ದಶಮಾಂಶ. ಅದರಲ್ಲಿ 2.20 ಎಂದು ತುಂಬಿದರೆ ಎರಡು ಎಕರೆ ಎಂಟು ಗುಂಟೆ ಎಂದಾಗುತ್ತದೆ. ಹನ್ನೆರಡು ಗುಂಟೆ ಮಾಯ.

ಇದರಲ್ಲಿ ಹೊಟ್ಟೆ ಉರಿಸುವ ವಿಷಯವೆಂದರೆ ಸ್ಕ್ರೀನು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. 2.45 ಎಂದು ತುಂಬಿದರೆ ಯಾರಾದರೂ ಅನುಮಾನಪಡಬಹುದು, ಗುಂಟೆ ನಲವತ್ತು ದಾಟುವುದಿಲ್ಲವಲ್ಲ. 2.20 ಎರಡೂ ಲೆಕ್ಕದಲ್ಲಿ ಸಾಚಾ ಆಗಿಯೇ ಕಾಣುತ್ತದೆ. ಅರ್ಜಿ ಹೋಗುತ್ತದೆ, ಸ್ವೀಕೃತಿ ಬರುತ್ತದೆ, ತಿಂಗಳುಗಳ ಮೇಲೆ ಹಣ ಕಡಿಮೆ ಬಂದಾಗ ರೈತ ನಮ್ಮ ಅಂಗಡಿಯ ಮುಂದೆ ನಿಂತಿರುತ್ತಾನೆ. ಬೆಳೆ ವಿಮೆಯ ಲೆಕ್ಕ ಹೆಕ್ಟೇರಿನಲ್ಲಿ ನಡೆಯುವುದರಿಂದ ಅಲ್ಲಿ ಇನ್ನೊಂದು ತಿರುವು. ಎರಡೂವರೆ ಎಕರೆಯೆಂದರೆ ಸುಮಾರು 1.01 ಹೆಕ್ಟೇರ್. ಮೊದಲ ಹೆಜ್ಜೆಯಲ್ಲೇ 2.20 ಎಂದು ಹಿಡಿದರೆ 0.89ಕ್ಕೆ ಇಳಿಯುತ್ತದೆ. ಈಗ ನಮ್ಮ ಅಂಗಡಿಯಲ್ಲಿ ಒಂದು ಪಟ್ಟಿ ಅಂಟಿಸಿದ್ದೇವೆ: 5 ಗುಂಟೆಗೆ .125, 10 ಗುಂಟೆಗೆ .25, 30 ಗುಂಟೆಗೆ .75. ಸರ್ಕಾರದ ಸಾಫ್ಟ್‌ವೇರ್ ಮಾಡಬೇಕಾದ ಗುಣಾಕಾರವನ್ನು ಗೋಡೆಗೆ ಅಂಟಿಸಿದ ರಟ್ಟು ಮಾಡುತ್ತಿದೆ.

ಇಲ್ಲಿ ಸರ್ಕಾರ ಒಂದೇ ಒಂದು ಸಾಲಿನ ನಿಯಮ ಮಾಡಬೇಕು. ಕರ್ನಾಟಕದಲ್ಲಿ ಜಮೀನಿನ ವಿಸ್ತೀರ್ಣ ಕೇಳುವ ಪ್ರತಿ ಪುಟದಲ್ಲೂ ಎಕರೆಗೆ ಒಂದು ಚೌಕ, ಗುಂಟೆಗೆ ಒಂದು ಚೌಕ, ಗುಂಟೆಯ ಚೌಕದಲ್ಲಿ 39ಕ್ಕಿಂತ ಹೆಚ್ಚು ತುಂಬಲು ಬರಕೂಡದು. ಹೆಕ್ಟೇರ್ ಬೇಕಾದವರು ಒಳಗೊಳಗೇ ಲೆಕ್ಕ ಹಾಕಿಕೊಳ್ಳಲಿ. ಪುಟ ಹಸಿರೋ ನೀಲಿಯೋ, ಬಟನ್ ದುಂಡಗೋ ಚೌಕವೋ, ಅದು ಬರೆಯುವವರ ಇಷ್ಟ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತನ್ನ ಜಾಲತಾಣಗಳಿಗೆಲ್ಲ ಒಂದೇ ಚಹರೆ ಇರಲೆಂದು ಬಣ್ಣ, ಅಕ್ಷರ, ಚಿಹ್ನೆಗಳ ಕೈಪಿಡಿ ಹೊರತಂದಿತು. ನಕಲಿ ತಾಣ ಯಾವುದು, ಅಸಲಿ ಯಾವುದು ಎಂದು ಗುರುತು ಹಿಡಿಯಲು ಅದು ಒದಗಬಹುದು, ಬೇಡವೆನ್ನುವುದಿಲ್ಲ. ಶಿವನಿಯ ಬೆಳೆಗಾರನ ಹನ್ನೆರಡು ಗುಂಟೆ ಅದರಿಂದ ವಾಪಸು ಬರುವುದಿಲ್ಲ.

5. ಹೆಸರಿಗೆ ಒಂದೇ ಚೌಕ ಸಾಕು

ಜಮೀನಿನ ವಿಸ್ತೀರ್ಣಕ್ಕೆ ಎರಡು ಚೌಕ ಕೇಳಿದವಳು ಹೆಸರಿಗೆ ಒಂದೇ ಸಾಕೆನ್ನುತ್ತೇನೆ. ಫಸ್ಟ್ ನೇಮ್, ಮಿಡ್ಲ್ ನೇಮ್, ಲಾಸ್ಟ್ ನೇಮ್ ಎಂದು ಮೂರು ಚೌಕ, ಮೂರಕ್ಕೂ ಕೆಂಪು ಚುಕ್ಕಿ. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಪಹಣಿಯಲ್ಲಿ "ಓಂಕಾರಪ್ಪ ಬಿನ್ ಬಸಪ್ಪ" ಎಂದಿರುತ್ತದೆ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಬರೀ ಓಂಕಾರಪ್ಪ, ಮತದಾರರ ಗುರುತಿನ ಚೀಟಿಯಲ್ಲಿ ಇನಿಷಿಯಲ್ ಮುಂದೆ, ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದೆ. "ಗೌರಮ್ಮ ಕೋಂ ಲೇಟ್ ರುದ್ರಪ್ಪ" ಎಂದಿದ್ದರಂತೂ ಲಾಸ್ಟ್ ನೇಮ್ ಯಾವುದೆಂದು ದೇವರೇ ಹೇಳಬೇಕು. ಒಂದು ಅಂಗಡಿಯವರು ಅಲ್ಲಿ ಒಂದು ಚುಕ್ಕೆ ಇಡುತ್ತಾರೆ, ಇನ್ನೊಬ್ಬರು ಊರಿನ ಹೆಸರು ಹಾಕುತ್ತಾರೆ, ಮತ್ತೊಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಮುಂದಿನ ವರ್ಷ ಬೇರೆ ಯೋಜನೆಗೆ ಹೆಸರು ತಾಳೆ ನೋಡುವಾಗ ಮೂರೂ ತಾಳೆಯಾಗುವುದಿಲ್ಲ.

ಬ್ರಿಟನ್ ಸರ್ಕಾರ 2012ರಿಂದ ತನ್ನ ಇಲಾಖೆಗಳ ಸೇವೆಗಳನ್ನು ಒಂದೇ ತಾಣದಡಿ ತರುತ್ತ ವಿನ್ಯಾಸದ ಕೈಪಿಡಿಯೊಂದನ್ನು ಬೆಳೆಸಿದೆ. ಹೆಸರಿಗೆ ಒಂದೇ ಚೌಕ ಇಡಿ ಎಂದು ಅದರಲ್ಲೂ ಸಲಹೆಯಿದೆ. ಹುಟ್ಟಿದ ದಿನಕ್ಕೆ ಕ್ಯಾಲೆಂಡರ್ ತೋರಿಸದೆ ದಿನ, ತಿಂಗಳು, ವರ್ಷಕ್ಕೆ ಮೂರು ಚೌಕ ಕೊಡಿ ಎಂದೂ ಇದೆ. ಇದರ ಬೆಲೆ ಗೊತ್ತಾಗಬೇಕಾದರೆ ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ಕ್ಯಾಲೆಂಡರಿನ ಬಾಣವನ್ನು ತಿಂಗಳಿಗೊಂದು ಸಲ ಒತ್ತುತ್ತ 1950ಕ್ಕೆ ಹೋಗಬೇಕು. ಒಂಬೈನೂರು ಒತ್ತು.

6. ಅಜ್ಜಂಪುರ ಯಾವ ತಾಲ್ಲೂಕಿನಲ್ಲಿದೆ?

ಅಜ್ಜಂಪುರ ತರೀಕೆರೆ ತಾಲ್ಲೂಕಿನಲ್ಲಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಬೇರೆಯಾಯಿತು. ತಹಶೀಲ್ದಾರರು ಬಂದರು, ಬೋರ್ಡು ಬಂತು. ಪೋರ್ಟಲುಗಳ ಪಟ್ಟಿಯಲ್ಲಿ ಒಮ್ಮೆಗೇ ಬರಲಿಲ್ಲ. ಒಂದು ಕಡೆ ಶಿವನಿ ಅಜ್ಜಂಪುರದ ಕೆಳಗೆ, ಇನ್ನೊಂದು ಕಡೆ ಇನ್ನೂ ತರೀಕೆರೆಯ ಕೆಳಗೆ. ಮೊದಲ ಪೋರ್ಟಲಿನಲ್ಲಿ ಪಡೆದ ಪ್ರಮಾಣಪತ್ರವನ್ನು ಎರಡನೆಯದು "ವಿಳಾಸ ತಾಳೆಯಾಗುತ್ತಿಲ್ಲ" ಎಂದು ತಳ್ಳಿಹಾಕುತ್ತಿತ್ತು. ಹೊಸ ತಾಲ್ಲೂಕಾದ ಮೇಲೆ ನಮ್ಮ ಅಂಗಡಿಗಳಲ್ಲಿ ಇದು ದಿನದ ಪಂಚಾಯಿತಿಯೇ ಆಗಿತ್ತು.

ಜಿಲ್ಲೆಯ ಹೆಸರಿನ ಕಥೆಯೂ ಅಷ್ಟೇ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಣೆಗೆ ತಿರುಗಿದಾಗ ಚಿಕ್ಕಮಗಳೂರೂ ಅದರಲ್ಲಿತ್ತು. ಹಳೆಯ ಸ್ಪೆಲ್ಲಿಂಗ್, ಹೊಸ ಸ್ಪೆಲ್ಲಿಂಗ್, ಬ್ರಿಟಿಷರ ಕಾಲದ್ದು ಮೂರೂ ಬೇರೆ ಬೇರೆ ಪಟ್ಟಿಗಳಲ್ಲಿ ಬದುಕಿವೆ. ಸಿ ಅಕ್ಷರ ಒತ್ತಿ ಹುಡುಕಿದವರಿಗೆ ಚಿಕ್ಕಬಳ್ಳಾಪುರದ ಮೇಲೋ ಕೆಳಗೋ ಎಲ್ಲಾದರೂ ಸಿಕ್ಕಬಹುದು.

ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಹಳ್ಳಿಗೂ ಒಂದು ಸಂಖ್ಯೆ ಇದೆ. ಎಲ್ಲ ಇಲಾಖೆಗಳೂ ಆ ಸಂಖ್ಯೆಯಿಂದಲೇ ಪಟ್ಟಿ ತೆಗೆದುಕೊಳ್ಳಬೇಕು ಎಂದಾದರೆ ಊರು ತಾಲ್ಲೂಕು ಬದಲಿಸಿದ ದಿನವೇ ಎಲ್ಲ ಸ್ಕ್ರೀನಿನಲ್ಲೂ ಬದಲಾಗುತ್ತದೆ. ಜನರ ಕಣ್ಣಿಗೆ ಕಾಣದ ಈ ಕೆಲಸವನ್ನು ಖಾಸಗಿಯವರು ಮಾಡಲಾರರು. ಇಲ್ಲಿ ನನ್ನ ತಂಗಿಯ ಮಗನೂ ತಲೆಯಾಡಿಸುತ್ತಾನೆ.

7. ಕೇಳದಿದ್ದರೆ ಇನ್ನೂ ಒಳ್ಳೆಯದು

ಆನ್‌ಲೈನಿನಲ್ಲಿ ಪಹಣಿ ಹುಡುಕುವಾಗ ಸರ್ವೆ ನಂಬರ್ ಆದ ಮೇಲೆ ಸರ್ನಾಕ್ ಎಂಬ ಚೌಕ ಬರುತ್ತದೆ. ಬಹುಪಾಲು ಜಮೀನಿಗೆ ಅಲ್ಲಿ ಇರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಆಯ್ಕೆ ಒಂದೇ ಇದ್ದರೂ ಒತ್ತದೆ ಹಿಸ್ಸಾ ನಂಬರ್ ತೆರೆಯುವುದಿಲ್ಲ. ಸ್ವಂತ ಮೊಬೈಲಿನಲ್ಲೇ ಪಹಣಿ ನೋಡಲು ಹೊರಟ ಎಷ್ಟೋ ಹುಡುಗರು ಈ ನಕ್ಷತ್ರದ ಹತ್ತಿರ ನಿಂತು ನನ್ನ ಅಂಗಡಿಗೆ ಬಂದಿದ್ದಾರೆ. ಒಂದೇ ಆಯ್ಕೆ ಇದ್ದರೆ ತಾನೇ ತುಂಬಿಕೊಳ್ಳಬೇಕು ಎಂಬುದನ್ನು ನಿಯಮ ಮಾಡಲು ಸಮಿತಿ ಬೇಕಿಲ್ಲ.

ಇದಕ್ಕೆ ಎದುರಾಗಿ, ನಾಡಕಚೇರಿಯ ಜಾತಿ-ಆದಾಯ ಪತ್ರದ ಮೇಲಿನ ಆರ್‌ಡಿ ನಂಬರ್ ನೋಡಿ. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಅದನ್ನು ಕೊಟ್ಟರೆ ಸಾಕು, ವಿವರ ಅಲ್ಲಿಂದಲೇ ಬರುತ್ತದೆ. ಸ್ಕ್ಯಾನ್ ಮಾಡಿ, ಸೈಜು ಕುಗ್ಗಿಸಿ ಏರಿಸುವ ಪಾಡಿಲ್ಲ.

8. ಮತಯಂತ್ರವನ್ನು ನೋಡಿ, ಆದರೆ ಅದನ್ನೇ ಎಲ್ಲ ಕಡೆ ಹುಡುಕಬೇಡಿ

ನಮ್ಮ ದೇಶದಲ್ಲಿ ಪೂರ್ತಿ ಸರ್ಕಾರವೇ ಗೊತ್ತುಮಾಡಿದ ಇಂಟರ್‌ಫೇಸ್ ಒಂದಿದ್ದರೆ ಅದು ಮತಯಂತ್ರ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಎರಡು ಕಡೆ ತಯಾರಾದರೂ ಮತದಾರನಿಗೆ ಕಾಣುವುದು ಒಂದೇ ಬಗೆ. ಒಂದು ಘಟಕದಲ್ಲಿ 16 ಸಾಲು. ಪ್ರತಿ ಸಾಲಿನಲ್ಲಿ ಹೆಸರು, ಚಿಹ್ನೆ, 2015ರಿಂದ ಫೋಟೊ, ಕೊನೆಗೆ ನೀಲಿ ಗುಂಡಿ, ಗುಂಡಿಯ ಪಕ್ಕ ಬ್ರೈಲ್ ಸಂಖ್ಯೆ. ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್, ವಿವಿಪ್ಯಾಟ್ ಕಿಟಕಿಯಲ್ಲಿ ಏಳು ಸೆಕೆಂಡು ಚೀಟಿ. ಯಾರ ಹೆಸರು ಮೇಲಿರಬೇಕೆನ್ನುವುದಕ್ಕೂ ಕ್ರಮವಿದೆ: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು, ಒಳಗೆ ಅಕಾರಾದಿ. ನನ್ನ ಅಂಗಡಿಯಲ್ಲಿ ಮೌಸ್ ಮುಟ್ಟಲೂ ಹೆದರುವ ಅಜ್ಜಿ ಮತಗಟ್ಟೆಯಲ್ಲಿ ಯಾರನ್ನೂ ಕೇಳುವುದಿಲ್ಲ.

"ಹಂಗಾದ್ರೆ ಎಲ್ಲಾ ಪೋರ್ಟಲ್ಲೂ ಹಂಗೇ ಮಾಡ್ಲಿ ಬಿಡು" ಎಂದು ತಂಗಿಯ ಮಗ ಕೆಣಕುತ್ತಾನೆ. ಆಗುವುದಿಲ್ಲ. ಮತಯಂತ್ರಕ್ಕೆ ಇರುವ ಕೆಲಸ ಒಂದು, ಅದರ ಯಜಮಾನ ಒಬ್ಬ. ಅದನ್ನು ಬಳಸುವುದೂ ಐದು ವರ್ಷಕ್ಕೊಂದೆರಡು ಸಲ. ಪಿಂಚಣಿಯ ನಿಯಮವಾದರೋ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಮತಯಂತ್ರದಿಂದ ಕಲಿಯಬೇಕಾದದ್ದು ಒಂದಿದೆ. ಒತ್ತಿದ ಮೇಲೆ ಏನಾಯಿತೆಂದು ಅದು ಬೆಳಕು, ಸದ್ದು, ಚೀಟಿ ಮೂರರಲ್ಲೂ ಹೇಳುತ್ತದೆ. ನಮ್ಮ ಎಷ್ಟೋ ಪುಟಗಳು ಸಬ್‌ಮಿಟ್ ಒತ್ತಿದ ಮೇಲೆ ಬಿಳಿಚಿಕೊಂಡು ನಿಲ್ಲುತ್ತವೆ. ಅರ್ಜಿ ಹೋಯಿತೋ, ಹಣ ಮಾತ್ರ ಹೋಯಿತೋ ತಿಳಿಯದೆ ಇನ್ನೊಮ್ಮೆ ಒತ್ತಬೇಕೋ ಬೇಡವೋ ಎಂದು ಕೈ ನಡುಗುತ್ತದೆ.

9. ಕಂಪನಿಗಳ ಸ್ಕ್ರೀನಿಗೆ ಎಷ್ಟು ಬೇಕೋ ಅಷ್ಟೇ

ಯುಪಿಐ ನೋಡಿದಾಗ ನನಗೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ಗೆರೆ ಸರಿಯಾಗಿ ಬಿದ್ದಂತೆ ಕಂಡಿತು. 2016ರಲ್ಲಿ ಶುರುವಾದ ಇದನ್ನು ನಡೆಸುವ ಎನ್‌ಪಿಸಿಐ, ಫೋನ್‌ಪೇ ಹೇಗಿರಬೇಕು, ಗೂಗಲ್ ಪೇ ಹೇಗಿರಬೇಕು ಎಂದು ಬಣ್ಣ ಬಳಿಯಲು ಹೋಗಲಿಲ್ಲ. ಪಿನ್ ಒತ್ತುವ ಪುಟವನ್ನು ಮಾತ್ರ ತಾನೇ ಕೊಟ್ಟಿತು. ಆ್ಯಪ್ ಯಾವುದಾದರೂ ಹಣ ಹೋಗುವ ಹೊಸ್ತಿಲು ಒಂದೇ. ತರೀಕೆರೆ ಬಸ್‌ಸ್ಟ್ಯಾಂಡಿನ ಹೂವಿನವರು ಮಗ ಹೊಸ ಆ್ಯಪ್ ಹಾಕಿಕೊಟ್ಟರೂ ತಡವರಿಸುವುದಿಲ್ಲ.

ಮೊಬೈಲ್ ಮೇಲೆ ಹೇರಿದ ನಿಯಮವೊಂದೂ ನನಗೆ ಇಷ್ಟ. 2016ರ ಭಾರತೀಯ ಮಾನಕ 16333ರ ಮೂರನೆಯ ಭಾಗದ ಪ್ರಕಾರ ಇಲ್ಲಿ ಮಾರುವ ಫೋನುಗಳಲ್ಲಿ ಎಲ್ಲ 22 ಅಧಿಕೃತ ಭಾಷೆಗಳ ಸಂದೇಶ ಓದಲು ಬರಬೇಕು. ಬರೆಯಲು ಇಂಗ್ಲಿಷ್, ಹಿಂದಿ, ಜೊತೆಗೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆ ಇರಬೇಕು. ಆಂಡ್ರಾಯ್ಡ್‌ಗೆ 2012ರ 4.1ನೇ ಆವೃತ್ತಿಯಲ್ಲಷ್ಟೇ ಕನ್ನಡ ಬಂದದ್ದು. ಅದಕ್ಕೂ ಮೊದಲು ಕನ್ನಡದ ಸಂದೇಶವೆಂದರೆ ಖಾಲಿ ಚೌಕಗಳ ಸಾಲು. ಹೇಗೆ ತೋರಿಸಬೇಕು ಎನ್ನದೆ ಏನು ಬರಲೇಬೇಕು ಎಂದಷ್ಟೇ ಹೇಳಿದ ನಿಯಮ ಇದು. ಯುರೋಪ್ 2024ರ ಡಿಸೆಂಬರ್ 28ರಿಂದ ಫೋನುಗಳಿಗೆ ಒಂದೇ ಬಗೆಯ ಚಾರ್ಜರ್ ತೂತು ಕಡ್ಡಾಯ ಮಾಡಿದ್ದೂ ಇಂಥದ್ದೇ. ಅದರಾಚೆ ವಾಟ್ಸಾಪ್‌ನಲ್ಲಿ ಗುಂಡಿ ಎಡಕ್ಕಿರಲಿ ಬಲಕ್ಕಿರಲಿ, ಸರ್ಕಾರಕ್ಕೆ ಏನು ಕೆಲಸ?

10. ಎರಡನೆಯ ದಾರಿ ಬರೆಯದ ನಿಯಮ ಅಡಿಕೆ ಸುಲಿಯುವವರ ಹತ್ತಿರ ನಿಲ್ಲುವುದಿಲ್ಲ

ತರೀಕೆರೆ, ಲಿಂಗದಹಳ್ಳಿ, ಲಕ್ಕವಳ್ಳಿ ಕಡೆ ಅಡಿಕೆ ಸುಲಿತದ ಕಾಲದಲ್ಲಿ ಹೆಣ್ಣುಮಕ್ಕಳ ಬೆರಳು ನೋಡಬೇಕು. ಚೊಗರು ಹತ್ತಿ ತುದಿ ಕಪ್ಪಾಗಿ, ಗೆರೆಗಳು ಸವೆದು ನುಣುಪಾಗಿರುತ್ತವೆ. ಆಧಾರ್ ಬೆರಳಚ್ಚು ಯಂತ್ರದ ಗಾಜಿನ ಮೇಲೆ ಒಂದೊಂದಾಗಿ ಹತ್ತೂ ಬೆರಳು ಇಡಿಸುತ್ತೇವೆ. ಸೀಗೆಪುಡಿ ಹಾಕಿ ತೊಳೆಸುತ್ತೇವೆ, ಕೊಬ್ಬರಿ ಎಣ್ಣೆ ಸವರಿ ಒರೆಸುತ್ತೇವೆ. ಕೆಲವೊಮ್ಮೆ ಕಿರುಬೆರಳಿಗೆ ಹಸಿರು ಬೀಳುತ್ತದೆ. ಬೀಳದಿದ್ದರೆ ಒಟಿಪಿ.

ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಫೋನಿಗೆ. ಫೋನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಮಗಳ ಹತ್ತಿರ. "ಅವ್ವಾ, ಮೆಶೀನ್ ಮುಂದೆ ಇದೀನಿ, ಊಟದ್ ಟೈಮಿಗೆ ಮಾಡು" ಎನ್ನುತ್ತಾಳೆ. ಊಟದ ಹೊತ್ತಿಗೆ ಕರೆ ಹತ್ತುತ್ತದೆ, ಆರು ಅಂಕಿ ಒಂದೊಂದಾಗಿ ಕೂಗಿ ಹೇಳುತ್ತಾಳೆ, ಇಲ್ಲಿ ಒತ್ತುವಷ್ಟರಲ್ಲಿ ಪುಟ ಲಾಗ್‌ಔಟ್ ಆಗಿರುತ್ತದೆ. ಮತ್ತೆ ಮೊದಲಿಂದ. ಮತ್ತೆ ಕ್ಯಾಪ್ಚಾ. ಅದರಲ್ಲಿ ಸೊನ್ನೆಯೋ ಓ ಅಕ್ಷರವೋ ತಿಳಿಯದ ವಕ್ರ ಬರಹ.

ನಿಯಮವೇ ಇಲ್ಲ ಎನ್ನುವಂತಿಲ್ಲ. ಸರ್ಕಾರಿ ಜಾಲತಾಣಗಳಿಗೆ 2009ರಲ್ಲೇ ಮಾರ್ಗಸೂಚಿ ಬಂದಿದೆ, 2023ರಲ್ಲಿ ಮೂರನೆಯ ಆವೃತ್ತಿಯೂ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಎಲ್ಲರಿಗೂ ಎಟುಕುವಂತೆ ಸಾಫ್ಟ್‌ವೇರ್ ಹೇಗಿರಬೇಕೆಂಬ ಭಾರತೀಯ ಮಾನಕ 17802 ಇದೆ. ಕಣ್ಣು ಕಾಣದವರಿಗೆ ಕ್ಯಾಪ್ಚಾ ಓದಿ ಹೇಳಬೇಕು, ಸಮಯ ಮುಗಿಯುವ ಮುನ್ನ "ಇನ್ನೂ ಬೇಕೆ" ಎಂದು ಕೇಳಬೇಕು ಎಂಬಂಥ ಮಾತುಗಳು ಇಂಥ ಮಾನಕಗಳಲ್ಲಿ ಹೊಸವಲ್ಲ. ಕೌಂಟರಿಗೆ ಇಳಿಯುವಾಗ ಅವು ಎಲ್ಲೋ ಸೋರಿಹೋಗುತ್ತವೆ. ಟೆಂಡರ್ ಗೆದ್ದವರಿಗೆ ಹಣ ಬಿಡುಗಡೆ ಮಾಡುವ ಮುನ್ನ ಆ ಪುಟವನ್ನು ಒಂದು ಹೋಬಳಿಯ ಕೇಂದ್ರದಲ್ಲಿ, ಸುಲಿತದ ಕಾಲದಲ್ಲಿ, ಸಂತೆಯ ದಿನ ಇಟ್ಟು ನೋಡಲಿ ಎಂದು ನಾನು ಒಬ್ಬ ಅಧಿಕಾರಿಗೆ ಹೇಳಿದ್ದೆ. ಅವರು ನಕ್ಕರು. ತಮಾಷೆಗೆ ಹೇಳಿದ್ದಲ್ಲ. ಬೇರೇನೂ ನಿಗದಿ ಮಾಡದೆ ಇದೊಂದನ್ನು ಮಾಡಿದರೂ ನನ್ನ ಅರ್ಧ ತಕರಾರು ತೀರುತ್ತದೆ. ನನ್ನ ವ್ಯಾಪಾರವೂ ಸ್ವಲ್ಪ ಇಳಿಯಬಹುದು, ಇಳಿಯಲಿ.

11. ಬದಲಾಯಿಸುವುದಿದ್ದರೆ ತಿಂಗಳು ನೋಡಿ

ಪುಟ ಬದಲಾಗಲೇಬಾರದು ಎಂದೇನಿಲ್ಲ. ಆದರೆ ಯಾವಾಗ ಬದಲಾಗಬಹುದು ಎನ್ನುವುದಕ್ಕೆ ರಾಜ್ಯಕ್ಕೊಂದು ಕ್ಯಾಲೆಂಡರ್ ಬೇಕು. ಮೇ, ಜೂನ್ ಬೇಡ, ಶಾಲೆ-ಕಾಲೇಜು ದಾಖಲಾತಿಗೆ ಜಾತಿ-ಆದಾಯದ ಸಾಲು ರಸ್ತೆವರೆಗೆ ಬಂದಿರುತ್ತದೆ. ಜುಲೈ ಬೇಡ, ಬೆಳೆ ವಿಮೆಯ ಗಡುವು. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಜ್ಜಂಪುರ, ಕಡೂರಿನ ಈರುಳ್ಳಿ ಕೊಯ್ಲು, ಜೊತೆಗೆ ವಿದ್ಯಾರ್ಥಿವೇತನದ ಅರ್ಜಿಗಳು. ಅಕ್ಟೋಬರಿನಿಂದ ಅಡಿಕೆ, ಆಮೇಲೆ ರಾಗಿ ಒಕ್ಕಣೆ, ಖರೀದಿ ನೋಂದಣಿ. ಮಾರ್ಚ್ ವರ್ಷಾಂತ್ಯ, ಏಪ್ರಿಲ್‌ನಲ್ಲಿ ಹೊಸ ವರ್ಷದ ಬಿಲ್ಲು, ತೆರಿಗೆ. ಉಳಿಯುವುದು ಫೆಬ್ರವರಿ. ಆ ತಿಂಗಳು ನಮ್ಮಲ್ಲಿ ಜಾತ್ರೆ-ಮದುವೆಗಳ ಸುಗ್ಗಿ, ಅಂಗಡಿಗೆ ಬರುವವರು ಕಡಿಮೆ. ಹೊಸ ಪುಟ ಬಂದರೆ ಕೂತು ಕಲಿಯಲು ನಮಗೂ ಪುರುಸೊತ್ತಿರುತ್ತದೆ. ಹಳೆಯ ಪುಟವನ್ನೂ ಮಾರ್ಚ್ ಕೊನೆಯವರೆಗೆ ಪಕ್ಕದಲ್ಲಿ ತೆರೆದಿಡಲಿ.